ವೆಬ್‌ಸೈಟಿಗೆ ವಿಡಿಯೊ ಹಾಕಿದ ಮೇಲೆ ವಿಚಾರಿಸುವವರೇ ಕಡಿಮೆಯಾದರು, ಎಲ್ಲಿ ತಪ್ಪಿದ್ದೇನೆ?

ಬಳ್ಳಾರಿ_ಹೊಲಿಗೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕ ಇದೆ. ಹದಿನಾರು ಮಷಿನ್. ಕಟಿಂಗ್ ನಮ್ಮಲ್ಲೇ, ವಾಶಿಂಗ್ ಮಾತ್ರ ಹೊರಗೆ. ಮಾಲು ಹೆಚ್ಚಾಗಿ ಆದೋನಿ, ಕರ್ನೂಲು, ಸೊಲ್ಲಾಪುರ ಕಡೆಯ ಅಂಗಡಿಗಳಿಗೆ ಹೋಗುತ್ತದೆ.

ಯುಗಾದಿಗೆ ಮುಂಚೆ ವೆಬ್‌ಸೈಟಿನ ಮುಖಪುಟಕ್ಕೆ ಒಂದು ವಿಡಿಯೊ ಹಾಕಿಸಿದೆ. 2 ನಿಮಿಷ 40 ಸೆಕೆಂಡ್ ಇದೆ. ಮೊದಲು ಡ್ರೋನ್‌ನಲ್ಲಿ ಬಳ್ಳಾರಿ ಕೋಟೆ ಗುಡ್ಡ, ಆಮೇಲೆ ಹಂಪಿಯ ಕಲ್ಲಿನ ರಥ, ಆಮೇಲೆ ನಮ್ಮ ಘಟಕದ ಬಾಗಿಲು, ಕೊನೆಗೆ ನಾನು ಕೈಮುಗಿಯುವುದು. ಹಿಂದೆ ಜೋರು ಸಂಗೀತ. ಮನೆಯವರೆಲ್ಲ ನೋಡಿ ಖುಷಿಪಟ್ಟರು. ಪುಟ ತೆರೆದ ಕೂಡಲೇ ತಾನಾಗಿ ಓಡುವ ಹಾಗೆ ಇಡಿಸಿದ್ದೇನೆ.

ಮೊದಲು ವಾರಕ್ಕೆ ಹತ್ತು ಹನ್ನೆರಡು ಹೊಸಬರು ವಾಟ್ಸಾಪ್‌ನಲ್ಲಿ ಕೇಳುತ್ತಿದ್ದರು. ಈಗ ನಾಲ್ಕೋ ಐದೋ. ಸೀಸನ್ ಇಲ್ಲ ಅಂದುಕೊಂಡೆ. ಆದರೆ ಮೊನ್ನೆ ಆದೋನಿಯ ಹಳೇ ಗಿರಾಕಿ ಫೋನ್ ಮಾಡಿದರು. "ನಿಮ್ಮ ಸೈಟ್ ತೆಗೆದ್ರೆ ಕಪ್ಪು ಡಬ್ಬಿ ಬಂದು ಸುತ್ತುತ್ತಾ ಇರುತ್ತೆ, ರೇಟ್ ಪಟ್ಟಿ ಕಾಣಿಸ್ತಿಲ್ಲ" ಅಂದರು. ನಮ್ಮ ಆಫೀಸಿನ ವೈಫೈನಲ್ಲಿ ಒಂದೇ ಏಟಿಗೆ ತೆರೆಯುತ್ತದೆ.

ವಿಡಿಯೊ ತೆಗೆದುಬಿಡಲೇ? ಅದಕ್ಕೆ ಸುರಿದ ದುಡ್ಡಿನ ಸಂಕಟ ಒಂದು ಕಡೆ ಇದೆ. ಆದರೆ ಹದಿನಾರು ಮಷಿನ್‌ಗೆ ಕೆಲಸ ಬೇಕು, ಅದೇ ದೊಡ್ಡದು.

ರಾಯಚೂರು_ವೆಬ್

ಫೈಲಿನ ಗಾತ್ರ ಎಷ್ಟಿದೆ? ಯೂಟ್ಯೂಬ್‌ನಲ್ಲಿದೆಯೋ, ನಿಮ್ಮ ಸರ್ವರ್‌ನಲ್ಲೇ ಇದೆಯೋ? ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿ. ಒಮ್ಮೆ ನೋಡಿದ್ದು ನಿಮ್ಮ ಫೋನ್‌ನಲ್ಲಿ ಉಳಿದಿರುತ್ತದೆ. ಅದಕ್ಕೇ ನಿಮಗೆ ಬೇಗ ಬರುತ್ತದೆ, ಹೊಸಬರಿಗೆ ಬರುವುದಿಲ್ಲ.

ಬಳ್ಳಾರಿ_ಹೊಲಿಗೆ

212 ಎಂಬಿ. ನಮ್ಮ ಸರ್ವರ್‌ನಲ್ಲೇ ಇದೆ. ನೀವು ಹೇಳಿದ ಹಾಗೆ ಬಸ್ ಸ್ಟ್ಯಾಂಡ್ ಹತ್ತಿರ ನಿಂತು ಡೇಟಾದಲ್ಲಿ ತೆರೆದೆ. ನಿಜ, ಕಪ್ಪು ಡಬ್ಬಿ. ಇಷ್ಟು ದಿನ ಜನ ಇದನ್ನೇ ನೋಡಿ ವಾಪಸ್ ಹೋಗಿದ್ದಾರೆ ಅಂತ ಗೊತ್ತಾಗಿ ಹೊಟ್ಟೆಯಲ್ಲಿ ಸಂಕಟ ಆಯಿತು.

ರಾಯಚೂರು_ವೆಬ್

ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ಬೈಟ್‌ಗೆ 8 ಬಿಟ್. 212 ಎಂಬಿ ಅಂದರೆ ಸುಮಾರು 1,700 ಮೆಗಾಬಿಟ್. ನಿಮ್ಮ ವಿಡಿಯೊ 160 ಸೆಕೆಂಡ್. ಅಂದರೆ ನಿಲ್ಲದೆ ಓಡಬೇಕಾದರೆ ಸೆಕೆಂಡಿಗೆ 10 ಮೆಗಾಬಿಟ್‌ಗಿಂತ ಜಾಸ್ತಿ ಬರಬೇಕು. ಗಿರಾಕಿಯ ಫೋನಿಗೆ ಸೆಕೆಂಡಿಗೆ 4 ಮೆಗಾಬಿಟ್ ಸಿಗುತ್ತಿದೆ ಅಂದುಕೊಳ್ಳಿ. ಪೂರ್ತಿ ಇಳಿಯೋಕೆ 7 ನಿಮಿಷ. ರೇಟ್ ನೋಡೋಕೆ ಬಂದವರು ಅಷ್ಟು ಹೊತ್ತು ಕಾಯುತ್ತಾರಾ?

ಇನ್ನೊಂದು ತೊಡಕು ಇದೆ. ಶಬ್ದ ಇರುವ ವಿಡಿಯೊ ತಾನಾಗಿ ಓಡುವುದನ್ನು ಕ್ರೋಮ್ 2018ರಿಂದಲೇ ಸಾಮಾನ್ಯವಾಗಿ ತಡೆಯುತ್ತದೆ. ನಿಮ್ಮದರಲ್ಲಿ ಸಂಗೀತ ಇದೆ, ಮ್ಯೂಟ್ ಮಾಡಿಲ್ಲ. ಹಾಗಾಗಿ ಓಡುವುದೂ ಇಲ್ಲ. ವಿಡಿಯೊ ಶುರುವಾಗುವ ಮುನ್ನ ಕಾಣುವ ಮೊದಲ ಚಿತ್ರವನ್ನೂ ಇಟ್ಟಿಲ್ಲ, ಅದಕ್ಕೆ ಕಪ್ಪು ಡಬ್ಬಿ.

ಇವತ್ತೇ ಮಾಡಬಹುದಾದದ್ದು ಇಷ್ಟು. ಮುಖಪುಟದಿಂದ ಆ ವಿಡಿಯೊ ತೆಗೆಸಿ, ಆ ಜಾಗದಲ್ಲಿ ಒಂದು ಒಳ್ಳೆಯ ಫೋಟೊ ಇಡಿ. ರೇಟ್ ಪಟ್ಟಿ ಮೇಲಕ್ಕೆ ಬರಲಿ. ವಿಡಿಯೊ ವಿಷಯ ನಿಧಾನಕ್ಕೆ ಮಾತಾಡೋಣ.

ಕೊಪ್ಪಳ_ಕ್ಯಾಮೆರಾ

ನಾನು ವಿಡಿಯೊ ತೆಗೆಯುವವನು. ಒಂದು ಮಾತು ಹೇಳಲೇಬೇಕು. ತಪ್ಪು ವಿಡಿಯೊ ತೆಗೆದವರದ್ದಲ್ಲ, ಇಟ್ಟ ರೀತಿಯದ್ದು. ನಾವು ಕೊಡುವುದು ದೊಡ್ಡ ಮೂಲ ಫೈಲ್. ಅದನ್ನು ವೆಬ್‌ಗೆ ಕುಗ್ಗಿಸಿ ಹಾಕಬೇಕು. ಊರು, ಗುಡ್ಡ, ಕೋಟೆ ತೋರಿಸಿದರೆ ಹೆಸರು ನಿಲ್ಲುತ್ತದೆ. ಬಳ್ಳಾರಿ ಜೀನ್ಸ್ ಅಂದರೆ ಬಳ್ಳಾರಿ ಕಾಣಬೇಕಲ್ವಾ?

ಒಂದು ಎಚ್ಚರಿಕೆ ಮಾತ್ರ. ಹಂಪಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಅಲ್ಲಿ ವ್ಯಾಪಾರದ ಚಿತ್ರೀಕರಣಕ್ಕೂ ಡ್ರೋನ್‌ಗೂ ಅನುಮತಿ ಬೇಕು. ತೆಗೆದವರ ಹತ್ತಿರ ಆ ಕಾಗದ ಇದೆಯೇ ಕೇಳಿ. ಇಲ್ಲದಿದ್ದರೆ ಆ ಭಾಗ ಕತ್ತರಿಸಿಬಿಡಿ.

ಕಿನ್ನಾಳ_ಗೊಂಬೆ

ಕ್ಯಾಮೆರಾ ಅಣ್ಣ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಕುಗ್ಗಿಸಿದರೂ ಆ ವಿಡಿಯೊ ಮಾಲು ಮಾರುವುದಿಲ್ಲ ಅಂತ ನನಗೆ ಅನಿಸುತ್ತದೆ. ನಮ್ಮ ಅನುಭವ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಕಿನ್ನಾಳ ಗೊಂಬೆ ಮಾರುವ ಸೈಟ್. ಮೊದಲು ನಾವೂ ಗುಡಿ, ಊರು, ಹಿರಿಯರು ನಗುವುದು, ಇಂಥದ್ದನ್ನೇ ಹಾಕಿದ್ದೆವು. ಜನ "ತುಂಬಾ ಚೆನ್ನಾಗಿದೆ" ಅಂತ ಬರೆದರು. ಕೊಂಡವರು ಕಡಿಮೆ. ಆಮೇಲೆ ಅಪ್ಪ ಒಂದು ಕೆಲಸ ಮಾಡಿದರು. ಮೂರು ತಿಂಗಳಿಂದ ಬಂದ ವಾಟ್ಸಾಪ್ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಸಿದರು. ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು. ಜಾಸ್ತಿ ಗೀಟು ಬಿದ್ದದ್ದು ಈ ನಾಲ್ಕಕ್ಕೆ: ಇದು ಪ್ಲಾಸ್ಟಿಕ್ಕಾ ಮರಾನಾ? ಬೆಲೆ ಯಾಕೆ ಇಷ್ಟು? ಕಳಿಸುವಾಗ ಒಡೆಯುತ್ತಾ? ಕೈಯಲ್ಲಿ ಹಿಡಿದರೆ ಎಷ್ಟು ದೊಡ್ಡದು?

ಆ ನಾಲ್ಕಕ್ಕೆ ನಾಲ್ಕು ಸಣ್ಣ ವಿಡಿಯೊ ಮಾಡಿದೆವು. ಬೆಲೆಯ ವಿಡಿಯೊ 50 ಸೆಕೆಂಡ್. ಅದರಲ್ಲಿ ಬರೀ ಕೈ ಕಾಣುತ್ತದೆ. ಹಗುರ ಮರದ ತುಂಡುಗಳನ್ನು ಕೂಡಿಸುವುದು. ನೆನೆಸಿ ಪುಡಿ ಮಾಡಿದ ಸೆಣಬು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಮಾಡುವುದು. ಅದನ್ನು ಬೆರಳಲ್ಲಿ ಗೊಂಬೆಗೆ ಸವರುವುದು. ಮೇಲೆ ಅರಿವೆಯ ಚೂರು ಅಂಟಿಸುವುದು. ಒಡವೆಯ ಉಬ್ಬು ಗೆರೆ ಎಳೆಯುವುದು. ಕೊನೆಗೆ ಬಣ್ಣ. ಮಾತೇ ಇಲ್ಲ. ಮರ ಕೆತ್ತುವ ಸದ್ದು ಮಾತ್ರ. ಅದನ್ನು ಬೆಲೆಯ ಪಕ್ಕದಲ್ಲೇ ಇಟ್ಟೆವು, ಮುಖಪುಟದಲ್ಲಿ ಅಲ್ಲ.

"ಯಾಕೆ ಇಷ್ಟು ರೇಟು" ಅನ್ನೋ ಮೆಸೇಜ್ ಆಮೇಲೆ ತುಂಬಾ ಕಡಿಮೆಯಾಯಿತು. ಕೇಳಿದವರಿಗೂ ಅದೇ ಲಿಂಕ್ ಕಳಿಸುತ್ತೇವೆ. ಒಡೆಯುತ್ತಾ ಅನ್ನುವವರಿಗೆ ಡಬ್ಬಿ ಕಟ್ಟುವ ವಿಡಿಯೊ.

ಹೊಲಿಗೆ ಅಣ್ಣಾರೆ, ನಿಮ್ಮ ಗಿರಾಕಿ ಫೋನಿನಲ್ಲಿ ಏನು ಕೇಳುತ್ತಾರೆ? ಅದನ್ನು ಬರೆಯಿರಿ. ನಿಮ್ಮ ವಿಡಿಯೊ ಅಲ್ಲೇ ಇದೆ.

ಗಂಗಾವತಿ_ಅಕ್ಕಿ

ಗೊಂಬೆಯವರ ಮಾತು ನೂರಕ್ಕೆ ನೂರು. ನಮ್ಮದು ಸೋನಾ ಮಸೂರಿ. ಎಲ್ಲರೂ ಕೇಳುವುದು ಒಂದೇ: ಅಕ್ಕಿ ಹಳೇದಾ, ಹೊಸದಾ? ಹಳೇದು ಅಂತ ಬರೆದರೆ ಯಾರು ನಂಬುತ್ತಾರೆ, ಎಲ್ಲರೂ ಹಾಗೇ ಬರೆಯುತ್ತಾರೆ. ಹೊಸ ಅಕ್ಕಿ ಬೇಯಿಸಿದರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಹಳೇದು ಬಿಡಿಬಿಡಿಯಾಗಿ ಅರಳುತ್ತದೆ. ಹಾಗಾಗಿ ಎರಡೂ ಅಕ್ಕಿ, ಎರಡು ಪಾತ್ರೆ, ಒಂದೇ ಲೋಟದ ಅಳತೆ, ಒಂದೇ ಒಲೆ. ಬೆಂದ ಮೇಲೆ ಎರಡನ್ನೂ ಬಾಳೆ ಎಲೆ ಮೇಲೆ ಬಗ್ಗಿಸಿ ಬೆರಳಲ್ಲಿ ಬಿಡಿಸಿ ತೋರಿಸಿದ್ದೇವೆ. ಮೂಟೆಯ ಲಾಟ್ ನಂಬರ್ ಮೊದಲಿಗೇ ಕಾಣುತ್ತದೆ. ಫೋನ್‌ನಲ್ಲೇ ತೆಗೆದದ್ದು, ನಮ್ಮ ಅತ್ತಿಗೆ ತೆಗೆದರು.

ಕುದಿಯುವ ಭಾಗವನ್ನು ವೇಗ ಮಾಡಿ ಓಡಿಸಿದ್ದೇವೆ, ಆದರೆ ಕತ್ತರಿಸಿಲ್ಲ. ನಡುವೆ ಕತ್ತರಿಸಿದರೆ ಪಾತ್ರೆ ಬದಲಿಸಿದರೇನೋ ಅಂತ ಅನುಮಾನ ಬರುತ್ತದೆ.

ಸಿಂಧನೂರು_ಬಟ್ಟೆ

ನಾನು ಕೊಳ್ಳುವ ಕಡೆಯವನು. ಸಿಂಧನೂರಿನಲ್ಲಿ ರೆಡಿಮೇಡ್ ಅಂಗಡಿ. ಬಳ್ಳಾರಿ ಜೀನ್ಸ್ ವರ್ಷಗಳಿಂದ ಮಾರುತ್ತಿದ್ದೇನೆ. ನಾನು ಸೈಟ್ ಹೇಗೆ ನೋಡುತ್ತೇನೆ ಹೇಳಿಬಿಡುತ್ತೇನೆ.

ಗಲ್ಲಾ ಪೆಟ್ಟಿಗೆ ಮುಂದೆ ಕೂತು, ಗಿರಾಕಿ ಇಲ್ಲದ ಹೊತ್ತಲ್ಲಿ, ಸೌಂಡ್ ಬಂದ್ ಮಾಡಿ ನೋಡುತ್ತೇನೆ. ಕೋಟೆ ಗುಡ್ಡ ನನಗೆ ಬೇಡ, ನಾನು ನೋಡಿದ್ದೇನೆ. ಪ್ಯಾಂಟನ್ನು ಒಳಗೆ ಹೊರಗೆ ಮಾಡಿ ತೋರಿಸಿ. ಒಳಗಿನ ಹೊಲಿಗೆ ನೋಡಿದರೆ ನನಗೆ ಅರ್ಧ ಗೊತ್ತಾಗುತ್ತದೆ. ತೊಡೆ ಸಂದಿಯಲ್ಲಿ ಜೋಡಿ ಹೊಲಿಗೆ ಇದೆಯಾ? ಜೇಬಿನ ಮೂಲೆಗೆ ಬಾರ್‌ಟ್ಯಾಕ್, ಅಂದರೆ ಹರಿಯದಂತೆ ಒತ್ತೊತ್ತಾಗಿ ಹಾಕುವ ಹೊಲಿಗೆ, ಹಾಕಿದ್ದೀರಾ? ಝಿಪ್ ಹತ್ತು ಸಲ ಎಳೆದು ಬಿಡಿ. ಸ್ಟ್ರೆಚ್ ಅಂದರೆ ಎಷ್ಟು? ಟೇಪ್ ಇಟ್ಟು ಎಳೆಯಿರಿ. ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಎಷ್ಟು ಬಿಡುತ್ತದೆ ತೋರಿಸಿ.

ಇನ್ನೊಂದು ಮುಖ್ಯ. ಒಂದು ಸೆಟ್‌ನಲ್ಲಿ ಯಾವ ಸೈಜ್ ಎಷ್ಟು ಪೀಸ್, ಕನಿಷ್ಠ ಎಷ್ಟು ಸೆಟ್, ಇದನ್ನು ವಿಡಿಯೊ ಒಳಗೆ ಬಾಯಲ್ಲಿ ಹೇಳಿ ಬಿಡಬೇಡಿ. ಕೆಳಗೆ ಬರೆದಿಡಿ. ಮತ್ತೆ ಬೇಕಾದಾಗ ವಿಡಿಯೊದಲ್ಲಿ ಹುಡುಕುತ್ತಾ ಕೂರೋಕೆ ಆಗುವುದಿಲ್ಲ.

ಬಳ್ಳಾರಿ_ಹೊಲಿಗೆ

ಸಿಂಧನೂರು ಅಣ್ಣ, ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ನನಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ. ಬರೆದುಕೊಂಡಿದ್ದೇನೆ.

ಮುಖಪುಟದ ವಿಡಿಯೊ ತೆಗೆಸಿದೆ. ಈಗ ಡೇಟಾದಲ್ಲೂ ತಕ್ಷಣ ತೆರೆಯುತ್ತದೆ. ಹೊಸದಾಗಿ ಮಾಡಿದರೆ ಯೂಟ್ಯೂಬ್‌ಗೆ ಹಾಕಲೋ, ನಮ್ಮ ಸರ್ವರ್‌ನಲ್ಲೇ ಇಡಲೋ?

ರಾಯಚೂರು_ವೆಬ್

ನನ್ನ ಅಭಿಪ್ರಾಯ: ಒಂದು ನಿಮಿಷದೊಳಗಿನ, ಮಾಲು ತೋರಿಸುವ ತುಣುಕು ನಿಮ್ಮಲ್ಲೇ ಇರಲಿ. ಉದ್ದದ್ದು ಯೂಟ್ಯೂಬ್‌ಗೆ.

ಯೂಟ್ಯೂಬ್‌ನ ಅನುಕೂಲ ಅಂದರೆ ನೋಡುವವರ ನೆಟ್ ನೋಡಿಕೊಂಡು ತಾನಾಗಿ ಗುಣಮಟ್ಟ ಏರಿಸಿ ಇಳಿಸುತ್ತದೆ. ನಿಮ್ಮ ಸರ್ವರ್‌ಗೆ ಹೊರೆ ಇಲ್ಲ. ಅನನುಕೂಲವೂ ಇದೆ. ವಿಡಿಯೊ ಮುಗಿದ ಮೇಲೆ ಬೇರೆ ವಿಡಿಯೊಗಳನ್ನು ಮುಂದಿಡುತ್ತದೆ. ನಿಮ್ಮ ಪುಟದಲ್ಲೇ ನಿಮ್ಮ ಪೈಪೋಟಿಯವರ ಜೀನ್ಸ್ ಕಾಣಬಹುದು! ವಿಡಿಯೊವನ್ನು ನಿಮ್ಮ ಪುಟಕ್ಕೆ ಜೋಡಿಸುವ ಎಂಬೆಡ್ ಕೋಡಿನಲ್ಲಿ "ರೆಲ್" (rel) ಅನ್ನೋದಕ್ಕೆ 0 ಕೊಟ್ಟರೆ ಮೊದಲೆಲ್ಲ ಆ ಪಟ್ಟಿಯೇ ಬರುತ್ತಿರಲಿಲ್ಲ. 2018ರ ಸೆಪ್ಟೆಂಬರ್‌ನಿಂದ ಅದು ಬದಲಾಗಿದೆ. ಈಗ 0 ಕೊಟ್ಟರೆ ನಿಮ್ಮದೇ ಚಾನೆಲ್‌ನ ಬೇರೆ ವಿಡಿಯೊಗಳು ಬರುತ್ತವೆ. ಅಷ್ಟಾದರೂ ಕೊಡಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಯೂಟ್ಯೂಬ್ ಡಬ್ಬಿಯನ್ನು ಪುಟದಲ್ಲಿ ಹಾಗೇ ಇಟ್ಟರೆ, ಯಾರೂ ಪ್ಲೇ ಒತ್ತದಿದ್ದರೂ ಅದರ ಸ್ಕ್ರಿಪ್ಟ್‌ಗಳು ಇಳಿಯುತ್ತವೆ. ಐದು ವಿಡಿಯೊ ಇದ್ದರೆ ಪುಟ ಇನ್ನೂ ಎಳೆದಾಡುತ್ತದೆ. ಅದರ ಬದಲು ಒಂದು ಚಿತ್ರ ಮತ್ತು ಪ್ಲೇ ಗುರುತು ಮಾತ್ರ ಇಟ್ಟು, ಒತ್ತಿದ ಮೇಲೆ ನಿಜವಾದ ಡಬ್ಬಿ ಬರುವಂತೆ ಮಾಡಬಹುದು. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಉಚಿತ ಪ್ಲಗಿನ್‌ಗಳಿವೆ.

ನಿಮ್ಮಲ್ಲೇ ಇಡುವ ತುಣುಕಿಗೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು. ಫೈಲಿನ ಬಗೆ ಎಂಪಿ4, ಕುಗ್ಗಿಸುವ ವಿಧಾನ ಎಚ್.264, ಚಿತ್ರದ ಅಳತೆ 720ಪಿ. ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಇಟ್ಟರೆ 40 ಸೆಕೆಂಡಿನ ತುಣುಕು ಏಳೂವರೆ ಎಂಬಿ ಆಗುತ್ತದೆ. "ವೆಬ್ ಆಪ್ಟಿಮೈಸ್ಡ್" ಅನ್ನೋ ಡಬ್ಬಿಗೆ ಗುರುತು ಹಾಕಲು ಮರೆಯಬೇಡಿ. ಎಂಪಿ4 ಫೈಲಿಗೆ ಒಳಗೊಂದು ಪರಿವಿಡಿ ಇರುತ್ತದೆ. ಅದು ಕೊನೆಯಲ್ಲಿದ್ದರೆ ಬ್ರೌಸರ್ ಮೊದಲು ಅದನ್ನು ಹುಡುಕಿಕೊಂಡು ಹೋಗಬೇಕು. ಆ ಗುರುತು ಪರಿವಿಡಿಯನ್ನು ಮುಂದಕ್ಕೆ ತರುತ್ತದೆ, ವಿಡಿಯೊ ಬೇಗ ಶುರುವಾಗುತ್ತದೆ.

ಫೋನ್‌ನಲ್ಲಿ ತೆಗೆಯುವುದಾದರೆ ಸೆಟ್ಟಿಂಗ್ ನೋಡಿ. ಎಚ್‌ಇವಿಸಿ ಅನ್ನೋ ಹೊಸ ಕುಗ್ಗಿಸುವ ವಿಧಾನದಲ್ಲಿ ತೆಗೆದದ್ದನ್ನು ಹಾಗೇ ಏರಿಸಿದರೆ ಕೆಲವು ಬ್ರೌಸರ್‌ಗಳಲ್ಲಿ ಚಿತ್ರವೇ ಬರುವುದಿಲ್ಲ. ಸೈಟ್ ಮಾಡಿದವರಿಗೆ ಇದನ್ನೂ ಹೇಳಿ: ಮೊದಲ ಚಿತ್ರ ಇಡಲಿ, ಪ್ಲೇ ಒತ್ತುವವರೆಗೆ ಏನೂ ಇಳಿಯದಂತೆ ಇಡಲಿ, ವಿಡಿಯೊ ಡಬ್ಬಿಗೆ ಉದ್ದ ಅಗಲ ಮೊದಲೇ ಕೊಡಲಿ. ಕೊಡದಿದ್ದರೆ ವಿಡಿಯೊ ಬಂದ ಕೂಡಲೇ ಕೆಳಗಿನದೆಲ್ಲ ಜಾರುತ್ತದೆ. ರೇಟ್ ಒತ್ತಲು ಹೋದವರು ಇನ್ನೇನೋ ಒತ್ತುತ್ತಾರೆ.

ಕುಷ್ಟಗಿ_ಡಿಟಿಪಿ

ಫೋನಿನಿಂದ ಕಂಪ್ಯೂಟರ್‌ಗೆ ವಿಡಿಯೊ ಕಳಿಸುವಾಗ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಬೇಡಿ. ಅದು ಕುಗ್ಗಿಸಿಬಿಡುತ್ತದೆ, ಹೊಲಿಗೆಯ ಎಳೆ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಕೇಬಲ್ ಹಾಕಿ.

ಸೌಂಡ್ ಬಂದ್ ಮಾಡಿ ನೋಡುತ್ತೇನೆ ಅಂದರಲ್ಲ ಸಿಂಧನೂರಿನವರು, ಅಂಥವರಿಗೆ ಕೆಳಗೆ ಅಕ್ಷರ ಬೇಕೇಬೇಕು. ಕಿವಿ ಕೇಳಿಸದವರಿಗೂ ಅದೇ ದಾರಿ. ಇಲ್ಲಿ ನಾನು ಒಂದು ದಿನ ಪೂರ್ತಿ ಒದ್ದಾಡಿದ್ದೇನೆ, ನೀವು ಒದ್ದಾಡಬೇಡಿ. ಒಬ್ಬರಿಗೆ ಅಡಿಬರಹದ ಫೈಲ್ ಮಾಡಿಕೊಟ್ಟೆ. ನಮ್ಮ ಅಂಗಡಿಯ ಅಭ್ಯಾಸದಂತೆ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ. ನನ್ನ ಕಂಪ್ಯೂಟರ್‌ನಲ್ಲಿ ಕನ್ನಡ ಚೆನ್ನಾಗಿ ಕಾಣುತ್ತಿತ್ತು. ಸೈಟ್‌ನಲ್ಲಿ ನೋಡಿದರೆ ಏನೇನೋ ಗುರುತುಗಳು, ಒಂದೂ ಕನ್ನಡ ಅಕ್ಷರ ಇಲ್ಲ. ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿರುತ್ತವೆ. ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಫೈಲ್ ಉಳಿಸುವಾಗ ಯುಟಿಎಫ್-8 ಅನ್ನೋದನ್ನು ಆರಿಸಿ.

ಇನ್ನೂ ಒಂದು ಚುಕ್ಕಿಯ ವಿಷಯ. ಎಸ್‌ಆರ್‌ಟಿ ಅನ್ನೋ ಬಗೆಯ ಅಡಿಬರಹದ ಫೈಲಿನಲ್ಲಿ, ಸಮಯ ಬರೆಯುವಾಗ ಸೆಕೆಂಡ್ ಆದ ಮೇಲೆ ಅಲ್ಪವಿರಾಮ ಇರುತ್ತದೆ. ವೆಬ್‌ಸೈಟಿಗೆ ಬೇಕಾದ ವೆಬ್‌ವಿಟಿಟಿ (WEBVTT) ಬಗೆಯ ಫೈಲಿನಲ್ಲಿ ಚುಕ್ಕಿ ಇರಬೇಕು. ಮೊದಲ ಸಾಲಿನಲ್ಲಿ ಆ ಹೆಸರನ್ನೂ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಒಂದು ತಪ್ಪಿದರೂ ಅಡಿಬರಹ ಬರುವುದಿಲ್ಲ, ಏನು ತಪ್ಪು ಅಂತಲೂ ಪರದೆ ಮೇಲೆ ಹೇಳುವುದಿಲ್ಲ.

ಆದೋನಿ, ಕರ್ನೂಲಿನವರಿಗೆ ತೆಲುಗು, ಸೊಲ್ಲಾಪುರಕ್ಕೆ ಹಿಂದಿ. ಒಂದೇ ವಿಡಿಯೊಗೆ ಮೂರು ಭಾಷೆಯ ಫೈಲ್ ಜೋಡಿಸಬಹುದು, ನೋಡುವವರು ಬೇಕಾದ್ದು ಆರಿಸಿಕೊಳ್ಳುತ್ತಾರೆ. ವಿಡಿಯೊ ಮತ್ತೆ ತೆಗೆಯಬೇಕಾಗಿಲ್ಲ.

ಗಂಗಾವತಿ_ಅಕ್ಕಿ

ಸಿನಿಮಾ ಹಾಡು ಹಾಕಬೇಡಿ. ನಾವು ಒಂದು ಹಾಡು ಹಾಕಿ ಯೂಟ್ಯೂಬ್‌ನಲ್ಲಿ ಹಕ್ಕುಸ್ವಾಮ್ಯದ ನೋಟಿಸ್ ಬಂತು. ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಸಿಗುತ್ತದೆ.

ಕೊಪ್ಪಳ_ಕ್ಯಾಮೆರಾ

ಎಲ್ಲರ ಮಾತು ಓದಿದೆ. ಗೊಂಬೆಯವರು ಹೇಳಿದ್ದು ಸರಿ, ನಾನು ಒಪ್ಪುತ್ತೇನೆ. ಊರಿನ ಚಿತ್ರ "ನಮ್ಮ ಬಗ್ಗೆ" ಪುಟದಲ್ಲಿ ಇರಲಿ, ಮಾಲಿನ ಪುಟದಲ್ಲಿ ಮಾಲು.

ಹೊಲಿಗೆಯವರೆ, ನೀಲಿ ಬಟ್ಟೆ ಫೋನ್‌ಗೆ ಕಷ್ಟ. ಬಳ್ಳಾರಿಯ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ನೀಲಿ ಹೋಗಿ ಬೂದಿ ಬಣ್ಣ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೆ ಹಸಿರು ಛಾಯೆ ಬರುತ್ತದೆ. ಬೆಳಿಗ್ಗೆ ಕಿಟಕಿ ಪಕ್ಕ ಮೇಜು ಹಾಕಿ. ಬೆಳಕು ಎದುರಿನಿಂದ ಬೇಡ, ಪಕ್ಕದಿಂದ ಬೀಳಲಿ. ಹೊಲಿಗೆಯ ಉಬ್ಬಿಗೆ ನೆರಳು ಬಿದ್ದಾಗಲೇ ಎಳೆ ಎಳೆಯಾಗಿ ಕಾಣುವುದು. ಫೋಕಸ್ ಮತ್ತು ಬೆಳಕನ್ನು ಪರದೆ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ. ಇಲ್ಲದಿದ್ದರೆ ಕೈ ಅಡ್ಡ ಬಂದಾಗಲೆಲ್ಲ ಬಣ್ಣ ಬದಲಾಗುತ್ತದೆ. ಮಾತಾಡುವುದಿದ್ದರೆ ಫ್ಯಾನ್ ನಿಲ್ಲಿಸಿ, ಕಾಲರ್‌ಗೆ ಸಿಕ್ಕಿಸುವ ಸಣ್ಣ ಮೈಕ್ ಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಮುಚ್ಚಿಬಿಡುತ್ತಾರೆ.

ರಾಯಚೂರು_ವೆಬ್

ಗೂಗಲ್‌ನಲ್ಲಿ ವಿಡಿಯೊ ಸಿಗಬೇಕು ಅಂತ ಆಸೆ ಇದ್ದರೆ ಒಂದು ವಿಷಯ. 2023ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ವಿಡಿಯೊ ಹುಡುಕಾಟವನ್ನು ಬದಲಿಸಿತು. ಪುಟದ ಮುಖ್ಯ ವಿಷಯ ವಿಡಿಯೊ ಆಗಿದ್ದರೆ ಮಾತ್ರ ಅಲ್ಲಿ ತೋರಿಸುತ್ತದೆ. ಮಾಲಿನ ಪುಟದ ಮೂಲೆಯಲ್ಲಿ ಇಟ್ಟ ವಿಡಿಯೊ ಅಲ್ಲಿ ಬರುವುದು ಕಷ್ಟ. ಮಾಲಿನ ಪುಟದಲ್ಲೂ ಇರಲಿ, ಬೇರೆ ಒಂದು ಪುಟದಲ್ಲಿ ವಿಡಿಯೊ ದೊಡ್ಡದಾಗಿ ಇಟ್ಟು, ಕೆಳಗೆ ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ.

ಬಳ್ಳಾರಿ_ಹೊಲಿಗೆ

ಮೂರು ವಾರ ಆಯಿತು. ಬಂದು ಹೇಳುತ್ತೇನೆ ಅಂದುಕೊಂಡಿದ್ದೆ, ಹೇಳುತ್ತಿದ್ದೇನೆ.

ಗೊಂಬೆಯವರು ಹೇಳಿದ ಹಾಗೆ ನೋಟ್‌ಬುಕ್ ಇಟ್ಟೆ. ಜಾಸ್ತಿ ಗೀಟು ಬಿದ್ದದ್ದು ಬಣ್ಣಕ್ಕೆ, ಆಮೇಲೆ ಸ್ಟ್ರೆಚ್, ಆಮೇಲೆ ಸೆಟ್. ಕಟಿಂಗ್ ಮೇಜನ್ನು ಪೂರ್ವದ ಕಿಟಕಿಗೆ ಎಳೆದೆವು. ಫೋನನ್ನು ಎರಡು ಬಟ್ಟೆ ಥಾನಿನ ನಡುವೆ ಸಿಕ್ಕಿಸಿ ನಿಲ್ಲಿಸಿದೆ. ಹೊಲಿಯುವ ಅಕ್ಕನೇ ಕೈ ತೋರಿಸಿದಳು. ಪ್ಯಾಂಟ್ ಒಳಗೆ ಹೊರಗೆ ಮಾಡಿದಾಗ ಆ ಬಿಳಿಚು ಬದಿ ಕಂಡಿತು. ಡೆನಿಮ್‌ನಲ್ಲಿ ಉದ್ದದ ಎಳೆಗೆ ಮಾತ್ರ ನೀಲಿ ಹಾಕುತ್ತಾರೆ, ಅಡ್ಡ ಎಳೆ ಬಿಳಿ. ಆ ಬಿಳಿ ಮೇಲೆ ನಮ್ಮ ಜೋಡಿ ಹೊಲಿಗೆ ಎರಡು ಹಳದಿ ಗೆರೆಯಾಗಿ ಎದ್ದು ಕಾಣಿಸಿತು. ದಿನಾ ನೋಡುವ ಹೊಲಿಗೆಯೇ. ನನಗೇ ಹೆಮ್ಮೆ ಆಯಿತು.

ಆಮೇಲೆ ಬಣ್ಣ. ಒಣಗಿದ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿದೆವು, ಏನೂ ಅಂಟಲಿಲ್ಲ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ತೆಳುವಾಗಿ ನೀಲಿ ಬಂತು. ತಮ್ಮ ಆ ಭಾಗ ಕತ್ತರಿಸೋಣ ಅಂದ. ನಾನು ಬೇಡ ಅಂದೆ. ಇಂಡಿಗೊ ನೂಲಿನ ಒಳಗೆ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ನಿಲ್ಲುತ್ತದೆ. ಹಾಗಾಗಿ ಒದ್ದೆಯಲ್ಲಿ ಸ್ವಲ್ಪ ಬಿಡುತ್ತದೆ. ಅದನ್ನೇ ಅಡಿಬರಹದಲ್ಲಿ ಬರೆದೆ: ಮೊದಲ ಎರಡು ಒಗೆತ ಬೇರೆ ಒಗೆಯಿರಿ.

45 ಸೆಕೆಂಡ್, 8 ಎಂಬಿ ಚಿಲ್ಲರೆ. ಕನ್ನಡ, ತೆಲುಗು ಅಡಿಬರಹ ಆಗಿದೆ, ಹಿಂದಿ ಇನ್ನೂ ಆಗಬೇಕು. ಯೂನಿಕೋಡ್‌ನಲ್ಲೇ ಮಾಡಿದೆ. ಸೆಟ್ ಮತ್ತು ಸೈಜ್ ಪಟ್ಟಿ ಕೆಳಗೆ ಬರೆದಿದ್ದೇನೆ. ಹಂಪಿಗೆ ಅನುಮತಿ ತೆಗೆದುಕೊಂಡಿರಲಿಲ್ಲ ಅಂತ ಗೊತ್ತಾಯಿತು, ಆ ಭಾಗ ತೆಗೆಸಿದೆ. ಕೋಟೆ ಗುಡ್ಡದ ಚಿತ್ರ "ನಮ್ಮ ಬಗ್ಗೆ" ಪುಟದಲ್ಲಿದೆ.

ಕಳೆದ ವಾರ ಒಂಬತ್ತು ಜನ ಹೊಸಬರು ಕೇಳಿದರು. ಪುಟ ಬೇಗ ತೆರೆಯುತ್ತಿರುವುದಕ್ಕೋ, ವಿಡಿಯೊಗೋ, ಬಿಡಿಸಿ ಹೇಳೋಕೆ ಆಗುವುದಿಲ್ಲ. ಆದರೆ ಅವರಲ್ಲಿ ಮೂವರು ಕೇಳಿದ ರೀತಿ ಬೇರೆ. ಒಬ್ಬರು "ಒದ್ದೆ ಬಟ್ಟೆಗೆ ನೀಲಿ ಬಂತಲ್ಲ, ಅದೇ ಪೀಸ್ ಎರಡು ಸೆಟ್ ಕಳಿಸಿ" ಅಂದರು. ರೇಟ್ ಚೌಕಾಸಿ ಮಾಡಲೇ ಇಲ್ಲ.

ಸಿಂಧನೂರು_ಬಟ್ಟೆ

ನೋಡಿದೆ. ಒದ್ದೆ ಬಟ್ಟೆ ತೋರಿಸಿದ್ದು ಒಳ್ಳೇದಾಯಿತು, ನಾನೂ ಅಲ್ಲೇ ನಂಬಿದ್ದು. ಕಪ್ಪು ಬಣ್ಣದ್ದೂ ಹಾಗೇ ಉಜ್ಜಿ ತೋರಿಸಿ. ದಸರಾಕ್ಕೆ ನನಗೆ ಕಪ್ಪು ಜಾಸ್ತಿ ಬೇಕು.

ಬಳ್ಳಾರಿ_ಹೊಲಿಗೆ

ಕಪ್ಪು ಮಾಲು ಇವತ್ತು ಸಂಜೆ ವಾಶಿಂಗ್‌ನಿಂದ ಬರುತ್ತದೆ. ನಾಳೆ ಬೆಳಿಗ್ಗೆ ಕಿಟಕಿಗೆ ಬೆಳಕು ಬಂದ ಕೂಡಲೇ ತೆಗೆದು ಹಾಕುತ್ತೇನೆ.